ಮಳೆಗೂ ನಿಲ್ಲದ ಟಿವಿ

ಆಗ ನನಗೆ ಎಪ್ಪತ್ತು ಇರಬಹುದು. ಆಧಾರ್ ಕಾರ್ಡಿನ ಲೆಕ್ಕದಲ್ಲಿ ಆಗ ಅರವತ್ತಾರು. ಅದನ್ನು ಬರೆಸಿದವನು ನನ್ನ ಹಿರಿಯ ಮಗ. ನಾನು ಹುಟ್ಟಿದಾಗ ಅವನೇನು ನೋಡಲು ಬಂದಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಮಾತು. ಹೋಳಿ ಹುಣ್ಣಿಮೆ ಮುಗಿದಿತ್ತು, ಯುಗಾದಿ ಇನ್ನೂ ಬಂದಿರಲಿಲ್ಲ. ಶೆಡ್ಡಿನಲ್ಲಿ ಮಣೂಕ ಒಣಗುತ್ತಿತ್ತು.

ಮಣೂಕ ಅಂದರೆ ಒಣದ್ರಾಕ್ಷಿ. ಕಾಗವಾಡದ ಈ ಕಡೆ ದ್ರಾಕ್ಷಿ ಇದ್ದವರು ಹಸಿ ಹಣ್ಣನ್ನೇ ಮಾರುತ್ತಾರೆ, ಇಲ್ಲವೇ ಔಷಧದ ನೀರಿನಲ್ಲಿ ಅದ್ದಿ ಶೆಡ್ಡಿನಲ್ಲಿ ಒಣಗಲು ಹಾಕುತ್ತಾರೆ. ಶೆಡ್ಡಿಗೆ ಮೇಲೆ ತಗಡಿನ ಪತ್ರಾ ಇರುತ್ತದೆ, ಗೋಡೆ ಇರುವುದಿಲ್ಲ. ಒಳಗೆ ಬಲೆಯ ಅಟ್ಟಣಿಗೆಗಳು ಒಂದರ ಮೇಲೊಂದು. ಗಾಳಿ ಆಡಬೇಕು, ಬಿಸಿಲು ತಾಗಬಾರದು. ನಾಲ್ಕೂ ಕಡೆ ತಾಡಪತ್ರಿಯನ್ನು ಸುರುಳಿ ಸುತ್ತಿ ಮೇಲಕ್ಕೆ ಕಟ್ಟಿರುತ್ತೇವೆ. ಮಳೆ ಬಂತೋ, ಹಗ್ಗ ಬಿಚ್ಚಿ ಕೆಳಗೆ ಬಿಡಬೇಕು. ತಡ ಮಾಡಿದರೆ ಕಾಯಿ ತೊಯ್ದು ಕಪ್ಪಾಗುತ್ತದೆ. ಹಸಿರು ಉಳಿದದ್ದಕ್ಕೆ ವ್ಯಾಪಾರಿ ಬರುತ್ತಾನೆ. ಕಪ್ಪಾದದ್ದನ್ನು ಅವನು ಮೂಸಿಯೂ ನೋಡುವುದಿಲ್ಲ.

ಆ ವರ್ಷದ ಮಣೂಕದ ಮೇಲೆ ಒಂದು ಮಾತು ನಿಂತಿತ್ತು. ಮಾತು ಕೊಟ್ಟವಳು ನಾನೇ. ಜಮೀನು ಇನ್ನೂ ನನ್ನ ಹೆಸರಿನಲ್ಲಿತ್ತು. ಹಿರಿಯ ಮಗ ತನ್ನ ಪಾಲಿನಲ್ಲಿ ಕಬ್ಬು ಹಾಕಿದ್ದ, ದ್ರಾಕ್ಷಿ ತೋಟವನ್ನೂ ಕಿತ್ತು ಕಬ್ಬು ಹಾಕೋಣ ಅನ್ನುತ್ತಿದ್ದ. ಕಿರಿಯವನಿಗೆ ಸಕ್ಕರೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಹೊಲದ ಮಾತಿಗೆ ಅವನು ಬಾಯಿ ಹಾಕುವುದಿಲ್ಲ. ದ್ರಾಕ್ಷಿ ನೋಡಿಕೊಳ್ಳುತ್ತಿದ್ದವಳು ಅವನ ಹೆಂಡತಿ. ಹಸಿ ಹಣ್ಣು ಮಾರಿ ಮಾರಿ ದಲಾಲಿಗಳ ಕೈಯಲ್ಲಿ ಸೋತಿದ್ದಳು. "ಒಂದ ವರ್ಷ ಮಣೂಕ ಮಾಡತೀನ್ರಿ ಅತ್ತಿ, ಒಂದ ವರ್ಷ ಬಿಟ್ಟ ನೋಡ್ರಿ" ಅಂದಳು. ನಾನು ಅವಳನ್ನೂ ಹಿರಿಯ ಮಗನನ್ನೂ ಕೂರಿಸಿಕೊಂಡು ಹೇಳಿದೆ: ಮಾಲು ಹಸಿರಾಗಿ ಮಾರಿ ಹೋದರೆ ಬಳ್ಳಿ ಉಳೀತಾವೆ, ಕಪ್ಪಾದರೆ ನೆಲ ಅಗೆಯುವ ಮಶೀನು ಹಚ್ಚಿ ಕೀಳಿಸುವುದು, ಆಮೇಲೆ ಯಾರೂ ಅಳಬಾರದು. ಸೊಸೆಯ ಮೇಲಿನ ಪ್ರೀತಿಗೆ ಹೇಳಿದ್ದಲ್ಲ. ದಿನಾ ಇಬ್ಬರ ಜಗಳ ಕೇಳಿ ಸಾಕಾಗಿತ್ತು.

ಇನ್ನು ಟಿವಿಯ ವಿಷಯ. ನಾವು ಇರುವುದು ತೋಟದ ಮನೆಯಲ್ಲಿ. ಮಾಳಿಗೆಯ ಮೇಲೆ ಡಿಶ್ ಇತ್ತು, ಅದರ ಮುಖ ಹೊಳೆಯಾಚೆ ಚಿಂಚಲಿಯ ಕಡೆಗೆ. ಬೇಸಿಗೆಯ ಅಡ್ಡಮಳೆ ನಮ್ಮ ಕಡೆ ಏರಿ ಬರುವುದೂ ಅಲ್ಲಿಂದಲೇ. ಆ ದಿಕ್ಕಿಗೆ ಹಿರಿಯ ಮಗನ ಕಬ್ಬು ಎರಡಾಳು ಎತ್ತರ ನಿಂತಿತ್ತು. ಕಡಿಯುವ ಗ್ಯಾಂಗು ಆ ವರ್ಷ ತಡವಾಗಿ ಬರುವುದಿತ್ತು. ಅಂಗಳದಲ್ಲಿ ನಿಂತು ನೋಡಿದರೆ ಕಬ್ಬಿನ ಗರಿ ಕಾಣುತ್ತಿತ್ತೇ ಹೊರತು ಮೋಡ ಕಾಣುತ್ತಿರಲಿಲ್ಲ. ಆದರೆ ಡಿಶ್ಶಿಗೆ ಕಾಣುತ್ತಿತ್ತು. ಮೋಡ ದಟ್ಟವಾಗಿ ಎದುರಿಗೆ ಬಂದರೆ ಟಿವಿಯಲ್ಲಿ ಮಾತಾಡುವವರ ಮುಖ ಚೌಕ ಚೌಕವಾಗಿ ಒಡೆಯುವುದು, ದನಿ ತುಂಡಾಗುವುದು, ಕಡೆಗೆ ಪರದೆ ನೀಲಿಯಾಗಿ ಇಂಗ್ಲಿಷಿನಲ್ಲಿ ಏನೋ ಬರೆದು ನಿಂತುಬಿಡುವುದು. ಹಾಗಾದ ಮೇಲೆ ಚಹಾಕ್ಕೆ ಇಟ್ಟ ನೀರು ಕುದಿಯುವ ಹೊತ್ತಿಗೆ ಹನಿ ಬೀಳುತ್ತಿತ್ತು. ಇಬ್ಬರು ಓಡಿ ತಾಡಪತ್ರಿ ಬಿಡಲು ಅಷ್ಟು ಹೊತ್ತು ಸಾಕು.

ಇದನ್ನು ಮೊದಲು ಕಂಡುಹಿಡಿದವಳು ಸೊಸೆಯೇ. ಅದಕ್ಕೇ ಮಣೂಕ ಹಾಕಿದ ದಿನದಿಂದ ನಮ್ಮ ಮನೆಯಲ್ಲಿ ಟಿವಿ ಬಂದ್ ಆಗುತ್ತಿರಲಿಲ್ಲ. ಯಾರೂ ನೋಡದಿದ್ದರೂ ಅದು ಒದರಿಕೊಂಡು ಇರಬೇಕು. ಮರಾಠಿ ಸೀರಿಯಲ್ಲೋ, ಸುದ್ದಿಯೋ, ಹಾಡೋ, ಏನಾದರೂ ಸರಿ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕಿವಿ ಅಲ್ಲಿಟ್ಟಿರುತ್ತಿದ್ದೆ. ದನಿ ತುಂಡಾಯಿತೋ, ಹಿಟ್ಟಿನ ಕೈಯಲ್ಲೇ ಓಡುವುದು. ಕಥೆಯಲ್ಲಿ ಯಾರು ಯಾರನ್ನು ಬಿಟ್ಟರು ಅನ್ನುವುದು ನನಗೆ ಬೇಕಿರಲಿಲ್ಲ.

ಇದೆಲ್ಲ ಚೆನ್ನಾಗಿ ನಡೆದಿರುವಾಗ ಸೊಸೆಗೆ ನೆಟ್ ಬೇಕಾಯಿತು. ಅವಳು ಹೇಳಿದ ಕಾರಣ ಸುಳ್ಳೇನಲ್ಲ. ಗಡಿಯಾಚೆ ತಾಸಗಾಂವದ ಮರಾಠಿ ವ್ಯಾಪಾರಿಯೊಬ್ಬ ಫೋನಿನಲ್ಲೇ ಮಾಲು ನೋಡಿ ಮಾತಾಡುತ್ತೇನೆ ಅಂದಿದ್ದ. ನಮ್ಮ ತೋಟದಲ್ಲಿ ಫೋನಿಗೆ ಟವರ್ ಸರಿಯಾಗಿ ಹಿಡಿಯುವುದಿಲ್ಲ. ಮಾಳಿಗೆ ಹತ್ತಿ ನಿಂತರೆ ಮಾತು ಕೇಳಿಸೀತು, ಚಿತ್ರ ಬರುವುದಿಲ್ಲ. ಮಾಲು ಇರುವುದು ಕೆಳಗೆ ಶೆಡ್ಡಿನಲ್ಲಿ. ದ್ರಾಕ್ಷಿಯನ್ನು ಮಾಳಿಗೆಗೆ ಹೊತ್ತು ತೋರಿಸಲಾಗುತ್ತದೆಯೇ?

ಅಥಣಿಯಿಂದ ಒಬ್ಬ ಬಂದ. ಮೋಟರ್ ಸೈಕಲ್ಲಿನ ಹಿಂದೆ ವಾಯರಿನ ದೊಡ್ಡ ಸುರುಳಿ. ಮಧ್ಯವಯಸ್ಸಿನವನು, ಮಾತು ಬಹಳ. ಕಂಬದಿಂದ ಕಂಬಕ್ಕೆ ವಾಯರು ಎಳೆದು ಮನೆಯೊಳಗೆ ತಂದ. ಶೆಡ್ಡಿನ ಕಂಬಕ್ಕೂ ಬೇರೆ ವಾಯರು ಎಳೆದು, ಫೋನಿನ ನೆಟ್ಟಿಗೆ ಅಂತ ಒಂದು ಸಣ್ಣ ಪೆಟ್ಟಿಗೆ ಬಡಿದ. ಆಮೇಲೆ ಟಿವಿಯ ಹಳೆಯ ಡಬ್ಬಿ ತೆಗೆದು ಹೊಸದು ಇಟ್ಟ.

"ಅದನ್ಯಾಕ ತಗದಿ? ಅದು ಕೆಟ್ಟಿಲ್ಲಲ್ಲ" ಅಂದೆ.

"ಆಯಿ, ಇನ್ನ ಡಿಶ್ ಬ್ಯಾರೆ, ನೆಟ್ ಬ್ಯಾರೆ ಅನ್ನೂದಿಲ್ರಿ. ಎರಡೂ ಕೂಡಿ ಒಂದ ಡಬ್ಬಿ. ಬಿಲ್ಲೂ ಒಂದ. ಮ್ಯಾಲಿಂದ ಬರೂದು ಬಂದ್ ಆತಂದ್ರ, ವಾಯರಿನ್ಯಾಗಿಂದ ತಾನ ಹಿಡಕೋತೈತಿ. ಮಳಿ ಬರ್ಲಿ, ಗಾಳಿ ಬೀಸ್ಲಿ, ನಿಮ್ಮ ಸೀರಿಯಲ್ ಮಾತ್ರ ನಿಂದ್ರೂದಿಲ್ಲ ನೋಡ್ರಿ."

ಉಪಕಾರ ಮಾಡಿದವನ ಹಾಗೆ ಹೇಳಿದ. ಸೊಸೆ ನಕ್ಕಳು. ನಾನು ಚಹಾ ಕೊಟ್ಟೆ. ಅವನು ಬಸಿಯಲ್ಲಿ ಸುರುವಿಕೊಂಡು ಕುಡಿದು ಹೋದ. ಆ ಮಾತನ್ನು ಇಬ್ಬರೂ ಕೇಳಿದೆವು. ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಕೆಲವು ದಿನದ ನಂತರ. ಸಂಜೆಗೆ ದೂರದಲ್ಲಿ ಗುಡುಗಿತು. ನಾನು ಟಿವಿಯತ್ತ ನೋಡಿದೆ, ಹೆಂಗಸೊಬ್ಬಳು ಅತ್ತೆಗೆ ಬೈಯುತ್ತಿದ್ದಳು, ಮುಖ ನೆಟ್ಟಗಿತ್ತು. ಮೋಡ ಈ ಕಡೆ ಇಲ್ಲ ಅಂತ ಸುಮ್ಮನಾದೆ. ಅಷ್ಟರಲ್ಲಿ ರಸ್ತೆಯಾಚೆಯ ತೋಟದ ಮನೆಯವಳು ಅಂಗಳದಿಂದ ಕೂಗಿದಳು: "ಯಕ್ಕಾ, ನಮ್ಮ ಟಿವಿ ಹೋತ! ನಿಮ್ಮದು ಹೋತೇನ?"

ನಮ್ಮದು ಹೋಗಿರಲಿಲ್ಲ. ಹೊರಗೆ ಬಂದು ಕಬ್ಬಿನ ಪಕ್ಕದ ಬದುವಿನ ಮೇಲೆ ಹತ್ತಿ ನೋಡಿದರೆ ಚಿಂಚಲಿಯ ಕಡೆ ಆಕಾಶ ಹೆಂಚಿನ ತಳದ ಹಾಗೆ ಕಪ್ಪಾಗಿತ್ತು. ಓಡಿ ತಾಡಪತ್ರಿ ಬಿಟ್ಟೆವು. ಆ ದಿನ ಮಳೆ ಬರಲಿಲ್ಲ, ಮೋಡ ರಾಯಬಾಗದ ಕಡೆ ಸರಿದುಹೋಯಿತು. ಆದರೆ ನನ್ನ ನೆಮ್ಮದಿ ಅವತ್ತಿಗೆ ಮುಗಿಯಿತು. ಕಾಯಲಿ ಅಂತ ಸಾಕಿದ ನಾಯಿ ಬೊಗಳುವುದನ್ನೇ ಬಿಟ್ಟರೆ ಹೇಗೋ, ಹಾಗಾಗಿತ್ತು ನಮ್ಮ ಟಿವಿ.

ಸೊಸೆಗೆ ಹೇಳಿದೆ. "ಹಳೇ ಡಬ್ಬಿ ಹಚ್ಚಸು."

"ಅದನ್ನ ಅಂವಾ ತೊಗೊಂಡ ಹೋಗ್ಯಾನ್ರಿ ಅತ್ತಿ. ಫೋನ್ ಮಾಡೀನಿ, ನಾಳೆ ಬರತೀನಿ ಅಂತಾನ. ನೀವ್ಯಾಕ ಇಷ್ಟ ಅಂಜತೀರಿ? ಫೋನಿನ್ಯಾಗ ಹವಾಮಾನ ತೋರಸತೈತಿ ನೋಡ್ರಿ. ಬಿಸಿಲ ಐತಿ ಅಂತೈತಿ."

"ಬಿಸಿಲ ನನಗೂ ಕಾಣಸತೈತಿ. ನಾಳೆ ಏನ ಅಂತ ಹೇಳು."

"ನಾಳೆನೂ ಬಿಸಿಲ."

"ಕಾಗವಾಡಕ್ಕ ಬಿಸಿಲೋ, ನಮ್ಮ ಶೆಡ್ಡಿಗೋ?"

ಅಥಣಿಯವನ ನಾಳೆಗಳೂ ಬಹಳವಾದವು.

ಆ ದಿನಗಳಲ್ಲಿ ನಾನು ಒಂದು ಕಡೆ ಕೂರಲಿಲ್ಲ. ರೊಟ್ಟಿ ಬಡಿಯುವುದು, ನಡುವೆ ಎದ್ದು ಬದುವಿಗೆ ಹೋಗುವುದು, ಬದುವಿನಿಂದ ಶೆಡ್ಡಿಗೆ, ಶೆಡ್ಡಿನಿಂದ ರಸ್ತೆಗೆ, ಮತ್ತೆ ಒಲೆಯ ಮುಂದೆ. ರೊಟ್ಟಿ ಹೊತ್ತುತ್ತಿತ್ತು. ಕಿರಿಯ ಮಗ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತರೆ, "ಯವ್ವಾ, ನಿನಗ ಏನ ಕಡ್ಯಾಕತ್ತೈತಿ? ಕುಂದ್ರ ಸ್ವಲ್ಪ" ಅನ್ನುತ್ತಿದ್ದ. ಅವನಿಗೇನು, ಫ್ಯಾಕ್ಟರಿಗೆ ಮಳೆ ಬಂದರೂ ಪಾಳಿ, ಬರದಿದ್ದರೂ ಪಾಳಿ. ಮಂಡಿ ನೋಯುತ್ತಿತ್ತು, ಆದರೂ ಕೂತರೆ ಎದ್ದೇಳಬೇಕು ಅನಿಸುವುದು, ಎದ್ದರೆ ಎಲ್ಲಿಗೆ ಹೋಗಬೇಕು ತಿಳಿಯದು. ಟಿವಿ ಮಾತ್ರ ಹಗಲೆಲ್ಲ ನೆಟ್ಟಗೆ ಮಾತಾಡುತ್ತಿತ್ತು. ಅದರ ದನಿ ಕೇಳಿದರೆ ಮೈ ಉರಿಯುತ್ತಿತ್ತು.

ಕಡೆಗೆ ಒಂದು ದಾರಿ ಮಾಡಿದೆ. ರಸ್ತೆಯಾಚೆಯವಳ ಮನೆಯಲ್ಲಿ ಹಳೆಯ ಡಿಶ್, ಹಳೆಯ ಡಬ್ಬಿ. ಅದೂ ಚಿಂಚಲಿಯ ಕಡೆಗೇ ಮುಖ ಮಾಡಿದ್ದು. ಮಧ್ಯಾಹ್ನ ಊಟವಾದ ಕೂಡಲೇ ಅವಳ ಮನೆಗೆ ಹೋಗಿ ಟಿವಿ ಮುಂದೆ ಕೂರಲು ಶುರು ಮಾಡಿದೆ. ಅವಳು ನನಗಿಂತ ಚಿಕ್ಕವಳು, ಮೈಭಾರದವಳು, ಊಟವಾದರೆ ನಿದ್ದೆ ಬೇಕು.

"ಯಕ್ಕಾ, ಬಂದ್ ಮಾಡ್ಲೇನ? ಕಣ್ಣ ಎಳ್ಯಾಕತ್ತಾವ."

"ಕಣ್ಣ ಬಂದ್ ಮಾಡು. ಟಿವಿ ಬ್ಯಾಡ."

"ನಿಮ್ಮನಿ ಡಬ್ಬಿ ಶ್ಯಾಣ್ಯಾ ಆತಂತ ಊರೆಲ್ಲಾ ಹೇಳಕೊಂಡ ಬಂದಳ ನಿನ್ನ ಸೊಸಿ. ಈಗ ನೋಡಿದ್ರ ನಮ್ಮನಿ ದಡ್ಡ ಡಬ್ಬಿ ಮುಂದ ಬಂದ ಕುಂತೀ."

"ಬಾಯಿ ಮುಚ್ಚಕೊಂಡ ಮಲಕೋ ಬೇ."

"ಮಲಕೋತೀನಿ. ಮಣೂಕ ಮಾರಿದ ಮ್ಯಾಲ ನನಗೂ ಒಂದ ಬೊಗಸಿ ಕೊಡಬೇಕ ನೋಡ, ಕರೆಂಟ್ ನಂದ ಸುಡಾಕತ್ತೈತಿ."

ಹೀಗೇ ದಿನ ಕಳೆದವು. ಮಣೂಕ ಇನ್ನೇನು ಒಣಗುವುದರಲ್ಲಿತ್ತು. ಹಿಡಿದರೆ ಕೈಗೆ ಅಂಟುವುದು ನಿಂತಿತ್ತು, ಬಣ್ಣ ಎಳೆಯ ಹಸಿರು. ನಾನು ಯಾವುದನ್ನೂ ಬಾಯಿ ತುಂಬ ಹೊಗಳುವವಳಲ್ಲ, ಆದರೆ ಮಾಲು ಚೆನ್ನಾಗಿತ್ತು. ವ್ಯಾಪಾರಿ ಆ ಮಧ್ಯಾಹ್ನ ಫೋನು ಮಾಡುತ್ತೇನೆ ಅಂದಿದ್ದ. ಸೊಸೆ ತಲೆ ಬಾಚಿ, ಒಗೆದ ಸೀರೆ ಉಟ್ಟು ಶೆಡ್ಡಿಗೆ ಹೊರಟಳು. "ಅಂವಾ ನೋಡೂದು ಮಣೂಕನೋ ನಿನ್ನೋ" ಅಂದೆ. "ನೀವ ಹೋಗ್ರಿ ಅತ್ತಿ, ನಿಮ್ಮ ಟಿವಿ ನೋಡಕೊಂಡ ಕುಂದ್ರ ಹೋಗ್ರಿ" ಅಂದಳು. ಮುಖದಲ್ಲಿ ನಗು ಇತ್ತು.

ಆ ದಿನ ಗಾಳಿಯೇ ಇರಲಿಲ್ಲ. ಧಗೆ. ರಸ್ತೆಯಾಚೆಯವಳು ಗೊರಕೆ ಹೊಡೆಯುತ್ತಿದ್ದಳು. ನಾನು ಹೊಸ್ತಿಲ ಹತ್ತಿರ ಕೂತು, ಎದ್ದು, ಮತ್ತೆ ಕೂತೆ. ಟಿವಿಯಲ್ಲಿ ಒಬ್ಬ ಅಡುಗೆ ಮಾಡಿ ತೋರಿಸುತ್ತಿದ್ದ. ಬದನೆಕಾಯಿ ಹೆಚ್ಚಿದ, ಎಣ್ಣೆ ಹಾಕಿದ. ಅವನ ಬಾಯಿ ಒಮ್ಮೆ ಪಕ್ಕಕ್ಕೆ ಸರಿಯಿತು. ಮುಖ ಚೌಕವಾಗಿ ಒಡೆಯಿತು. ದನಿ ತುಂಡಾಯಿತು.

ನಾನು ಎದ್ದು ಓಡಿದೆ. ಓಡಿದೆ ಅಂತ ಬರೆಯುತ್ತೇನೆ, ನೋಡಿದವರು ಕುಂಟಿದಳು ಅನ್ನಬಹುದು. ಚಪ್ಪಲಿ ಅಲ್ಲೇ ಉಳಿಯಿತು. ರಸ್ತೆ ದಾಟಿ ಶೆಡ್ಡಿಗೆ ಬಂದರೆ ಸೊಸೆ ಫೋನನ್ನು ಮುಂದೆ ಹಿಡಿದು ಅಟ್ಟಣಿಗೆಗಳ ನಡುವೆ ಮೆಲ್ಲಗೆ ನಡೆಯುತ್ತಿದ್ದಳು, ದೇವರ ಮುಂದೆ ಆರತಿ ಹಿಡಿದವಳ ಹಾಗೆ.

"ತಾಡಪತ್ರಿ ಬಿಡು! ಮಳಿ ಬಂತ!"

ಅವಳು ಫೋನಿಗೆ ಅಂಗೈ ಅಡ್ಡ ಹಿಡಿದಳು. "ಅತ್ತಿ, ಸಾವಕಾರ ಲೈನಿನ್ಯಾಗ ಅದಾರ. ಒಂದ ನಿಮಿಷ."

"ಮಳಿಗೆ ಹೇಳ ಒಂದ ನಿಮಿಷ ಅಂತ!"

"ಮಳಿ ಎಲ್ಲಿದ್ರಿ? ನಮ್ಮ ಟಿವಿ ನಡದೈತಲ್ಲ, ಕೇಳ್ರಿ."

ಹೌದು, ಮನೆಯೊಳಗಿಂದ ನಮ್ಮ ಟಿವಿಯ ದನಿ ಸ್ವಚ್ಛ ಕೇಳಿಸುತ್ತಿತ್ತು. ಮಣೂಕ ಹಾಕಿದ ದಿನದಿಂದ ಆ ದನಿಯ ಮೇಲೆ ಕಿವಿಯಿಟ್ಟು ಬದುಕಿದವಳು ಅವಳು. ದನಿ ಇದ್ದರೆ ಮಳೆಯಿಲ್ಲ ಅನ್ನುವುದು ಅವಳ ಮೈಗೇ ಹತ್ತಿತ್ತು. ಮಾತು ಬಾಯಿಂದ ಬಿದ್ದ ಮೇಲೆ ತಾನೇನು ಅಂದೆ ಅಂತ ಅವಳಿಗೇ ತಿಳಿಯಿತು. ಫೋನನ್ನು ಕಂಬಕ್ಕೆ ಆನಿಸಿ ಅಟ್ಟಣಿಗೆಯ ಮೇಲೆ ಇಟ್ಟು ಓಡಿದಳು.

ಒಂದು ಕಡೆಯದು ಬಿಟ್ಟೆವು. ಎರಡನೆಯದೂ ಆಯಿತು. ಮೂರನೆಯದಕ್ಕೆ ಹೋಗುವಾಗ ಗಾಳಿ ಬಂತು, ಕಬ್ಬೆಲ್ಲ ಒಮ್ಮೆಲೇ ಬಾಗಿತು. ಮೂರನೆಯದನ್ನೂ ಬಿಟ್ಟೆವು. ಚಿಂಚಲಿಯ ಕಡೆಯದು ಉಳಿಯಿತು. ಅದರ ಹಗ್ಗ ಗಂಟು ಬಿದ್ದಿತ್ತು. ಸೊಸೆ ಹಲ್ಲಿನಿಂದ ಕಚ್ಚಿ ಎಳೆದಳು, ನಾನು ಉಗುರು ಹಾಕಿದೆ. ಗಂಟು ಬಿಚ್ಚಲಿಲ್ಲ. ಮಳೆ ಅಡ್ಡಡ್ಡವಾಗಿ ನೇರ ಒಳಗೆ ಹೊಡೆಯಿತು. ಸೊಸೆ ಸೆರಗು ಬಿಚ್ಚಿ ಹಿಡಿದು ಅಟ್ಟಣಿಗೆಗೆ ಅಡ್ಡ ನಿಂತಳು. ಸೀರೆಯಿಂದ ಮಳೆ ನಿಲ್ಲುತ್ತದೆಯೇ? ಹೇಳಿದರೆ ಕೇಳುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ಮೇಲಿನದು ಸಾಲದ್ದಕ್ಕೆ ಹಿರಿಯ ಮಗನ ಕಬ್ಬಿನ ಗದ್ದೆಯ ನೀರು ಇಳಿಜಾರಿಗೆ ಹರಿದು ಶೆಡ್ಡಿನ ಕೆಳಗೂ ನುಗ್ಗಿತು.

ಬಂದ ಹಾಗೆಯೇ ಮಳೆ ನಿಂತಿತು. ನಾವಿಬ್ಬರೂ ತೊಯ್ದು ನಿಂತಿದ್ದೆವು. ಆಗ ಶೆಡ್ಡಿನೊಳಗಿಂದ ಗಂಡಸಿನ ದನಿ ಬಂತು.

"ಪಾವೂಸ್ ಲಯಿ ಜೋರಾತ್ ಆಲಾ ಕೀ, ತಾಯಿ!"

ಮಳೆ ಭಾರೀ ಜೋರಾಗಿ ಬಂತಲ್ಲ ಅಕ್ಕಾ ಅಂತ, ಮರಾಠಿಯಲ್ಲಿ. ಫೋನು! ಅದು ಕಂಬಕ್ಕೆ ಆನಿಕೊಂಡು ಹಾಗೆಯೇ ನಡೆದಿತ್ತು. ತಾಸಗಾಂವದಲ್ಲಿ ಕೂತವನು ನಮ್ಮ ಶೆಡ್ಡಿಗೆ ಮಳೆ ಹೊಡೆಯುವುದನ್ನು, ನಾವು ಬಡಿದಾಡುವುದನ್ನು ಮೊದಲಿನಿಂದ ಕಡೆಯವರೆಗೆ ನೋಡಿದ್ದ. ಹಳೆಯ ಕಾಲದ ಫೋನಾಗಿದ್ದರೆ ಮಳೆಗೆ ಲೈನು ಕಟ್ಟಾಗುತ್ತಿತ್ತು, ಮಾನವಾದರೂ ಉಳಿಯುತ್ತಿತ್ತು. ಇದು ಮಳೆಗೂ ನಿಲ್ಲದ ಸಾಮಾನು.

ಸೊಸೆ ಫೋನು ಎತ್ತಿಕೊಂಡಳು. "ಎಲ್ಲಾ ತೊಯ್ದಿಲ್ರಿ ಸಾವಕಾರ, ಖರೇನ ಹೇಳತೀನಿ, ಎಲ್ಲಾ ತೊಯ್ದಿಲ್ಲ…"

ಒಂದು ಮಳೆ ಬಿತ್ತು ಅಂತ ಕಿವಿಗೆ ಬಿದ್ದರೆ ವ್ಯಾಪಾರಿಗಳು ಇಡೀ ಮಾಲನ್ನೇ ಒಲ್ಲೆ ಅನ್ನುತ್ತಾರೆ. ಯಾವುದು ತೊಯ್ದದ್ದು, ಯಾವುದು ಅಲ್ಲ ಅಂತ ರೈತ ಹೇಳಿದರೆ ಯಾರು ನಂಬುತ್ತಾರೆ? ನಾನು ಅವನ ಬೈಗುಳ ಕಾಯುತ್ತ ನಿಂತೆ.

"ತುಮ್ಹೀ ಸಾಂಗೂ ನಕಾ" ಅಂದ ಅವನು, ನೀವು ಹೇಳುವುದೇ ಬೇಡ ಅಂತ. ಆಮೇಲೆ ತನ್ನ ಅರ್ಧಂಬರ್ಧ ಕನ್ನಡಕ್ಕೆ ಬಂದ. "ನಾ ಕಣ್ಣಿಲೆ ನೋಡೀನಿ. ಆ ಬಾಜೂದ್ದು ತೊಯ್ದೈತಿ, ಕೆಳಗಿಂದು ತೊಯ್ದೈತಿ. ಈ ಬಾಜೂಕ ಹನಿ ಬಿದ್ದಿಲ್ಲ. ತೊಯ್ದದ್ದು ನನಗ ನಕೋ. ಬ್ಯಾರೆ ಮಾಡಿ ಇಡ್ರಿ. ಒಣಗಿದ್ದ ತೊಗೋತೀನಿ."

ಫೋನು ಇಟ್ಟ ಮೇಲೆ ಸೊಸೆ ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿದಳು. "ಏಳು, ತೊಯ್ದದ್ದನ್ನ ಆ ಕಡೆ ತಗಿ, ನೀರ ಒಣಾದಕ್ಕ ಹತ್ತತೈತಿ" ಅಂದೆ. ಎದ್ದಳು.

ಸಂಜೆಗೆ ಹಿರಿಯ ಮಗ ಬಂದ. ಮೋಟರ್ ಸೈಕಲ್ ಇಳಿಯುವ ಮೊದಲೇ ಅವನಿಗೆ ಎಲ್ಲ ತಿಳಿದಿತ್ತು. ರಸ್ತೆಯಾಚೆಯವಳ ಬಾಯಿ ಟಿವಿಗಿಂತ ದೊಡ್ಡದು. ಶೆಡ್ಡು ಸುತ್ತಿ ಬಂದು ಒಂದು ತೊಯ್ದ ಗೊಂಚಲು ಎತ್ತಿ ನನ್ನ ಮುಂದೆ ಹಿಡಿದ.

"ಯವ್ವಾ, ಇದೇನ ಬಣ್ಣ?"

"ಕಪ್ಪ."

"ಮಾತ ಏನಿತ್ತ?"

"ಕಪ್ಪಾದ್ರ ಬಳ್ಳಿ ಕೀಳೂದು ಅಂತ ಇತ್ತ."

"ಮತ್ತ? ನಾ ಮಶೀನಿನವಗ ಫೋನ್ ಮಾಡೀನಿ. ನಾಳೆ ಮುಂಜಾನೆ ಬರತಾನ."

ಸೊಸೆ ತೊಯ್ದದ್ದನ್ನು ಬುಟ್ಟಿಗೆ ತುಂಬುತ್ತಿದ್ದಳು. ಕೈ ನಿಂತಿತು. "ಭಾವಾರ, ಅರ್ಧಕ್ಕಿಂತ ಹೆಚ್ಚ ಹಸರ ಐತ್ರಿ. ಸಾವಕಾರ ತೊಗೋತೀನಿ ಅಂದಾರ."

"ಅಂವಾ ಇವತ್ತ ಅಂತಾನ, ನಾಳೆ ಒಲ್ಲೆ ಅಂತಾನ. ಯವ್ವಾ, ನೀ ಹೇಳು. ಮಶೀನ್ ಬರೂದೋ ಬ್ಯಾಡೋ?"

ಇಬ್ಬರೂ ನನ್ನ ಮುಖ ನೋಡಿದರು. ಬೇಡ ಅಂದರೆ ಇವನು ಬೆಳಗಾಗುವವರೆಗೆ ನನ್ನ ತಲೆ ತಿನ್ನುತ್ತಾನೆ. ಮಂಡಿ ಸಿಡಿಯುತ್ತಿತ್ತು.

"ಬರ್ಲಿ" ಅಂದೆ.

ಅವನು ಹೋದ. ಸೊಸೆ ರಾತ್ರಿ ಉಣ್ಣಲಿಲ್ಲ. ನಾನು ಉಂಡೆ.

ಮರುದಿನ ಬೆಳಿಗ್ಗೆ ಎದ್ದವಳೇ ಟಿವಿಯ ಹಿಂದೆ ಕೈ ಹಾಕಿದೆ. ಡಬ್ಬಿಗೆ ಎರಡು ವಾಯರು ಬಂದಿದ್ದವು, ಒಂದು ಮಾಳಿಗೆಯಿಂದ, ಒಂದು ಕಂಬದಿಂದ. ಕಂಬದಿಂದ ಬಂದದ್ದನ್ನು ಡಬ್ಬಿಯಿಂದ ಕಿತ್ತು ಬಿಟ್ಟೆ. ಸೊಸೆ ಓಡಿ ಬಂದಳು. "ಅಯ್ಯ, ನೆಟ್ ಹೋತಲ್ರಿ ಅತ್ತಿ!" "ನಿನ್ನ ಫೋನ್ ನೋಡು" ಅಂದೆ. ನೋಡಿದಳು. ಶೆಡ್ಡಿನ ಪೆಟ್ಟಿಗೆಯಿಂದ ಫೋನಿಗೆ ನೆಟ್ ಬರುತ್ತಲೇ ಇತ್ತು. ಟಿವಿಯಲ್ಲಿ ಭಜನೆ ಬರುತ್ತಿತ್ತು, ಡಿಶ್ಶಿನದೇ. ಆ ವಾಯರಿನ ತುದಿಗೆ ಅರಿವೆ ಸುತ್ತಿ ಮೊಳೆಗೆ ಸಿಕ್ಕಿಸಿದೆ, ಯಾರೂ ತಿರುಗಿ ಚುಚ್ಚಬಾರದು ಅಂತ.

ಅಷ್ಟರಲ್ಲಿ ಮಶೀನು ಬಂತು. ನಡೆಸುವವನು ಕೆಳಗಿಳಿಯದೆ ಕೇಳಿದ, "ಬಳ್ಳಿ ಎಲ್ಲಿದಾವ್ರಿ ಆಯಿ?"

"ಬಳ್ಳಿ ಅಲ್ಲಿದಾವ, ಅವು ಇರ್ಲಿ. ನೀ ಇಲ್ಲಿ ಅಗಿ." ಕಬ್ಬಿಗೂ ಶೆಡ್ಡಿಗೂ ನಡುವೆ ಕಾಲಿನಿಂದ ಗೆರೆ ಎಳೆದು ತೋರಿಸಿದೆ. "ಮೊಣಕಾಲ ಮಟ ಕಾಲುವಿ ತಗಿ. ವಾಯರ್ ಮ್ಯಾಲ ಐತಿ, ತಲಿ ನೋಡಕೊಂಡ ಎತ್ತು."

ಹಿರಿಯ ಮಗ ಹಿಂದಿನಿಂದ ಬಂದ. "ಯವ್ವಾ, ಇದೇನಿದು?"

"ಮಾಲ ಕಪ್ಪಾದ್ರ ಅಂದಿದ್ದೆ. ಸಾವಕಾರ ಕೊಳ್ಳೂದು ಹಸರ ಮಾಲ, ಅದಕ್ಕ ಬಳ್ಳಿ ಉಳೀತಾವ. ನಿನ್ನ ಕಬ್ಬಿನ ನೀರ ನನ್ನ ಶೆಡ್ಡಿಗೆ ಬಂತ, ಇನ್ನ ಈ ಕಾಲುವ್ಯಾಗ ಹೋಗ್ಲಿ. ಮಶೀನ್ ನೀನ ಕರಸೀದಿ, ಚಲೋ ಆತು."

ಅವನು ಏನೋ ಅಂದ, ಮಶೀನಿನ ಸದ್ದಿಗೆ ಕೇಳಿಸಲಿಲ್ಲ. ಕೇಳುವ ಗರಜೂ ಇರಲಿಲ್ಲ. ನಾನು ಚಿಂಚಲಿಯ ಕಡೆಯ ತಾಡಪತ್ರಿಯ ಗಂಟು ಬಿಚ್ಚಲು ಹೋದೆ. ಅದು ಆಗಲೂ ಬಿಚ್ಚಲಿಲ್ಲ. ಕುಡಗೋಲು ತಂದು ಹಗ್ಗ ಕೊಯ್ದು, ಹೊಸ ಹಗ್ಗ ಹಾಕಿ, ಎಳೆದರೆ ಬಿಚ್ಚುವ ಹಾಗೆ ಕಟ್ಟಿದೆ.